ಕೆಂಚಿಯ ಕರಿಜಡೆ

ಹಿಟ್ಟಿನ ಗಿರಣಿಯ ಉಚ್ಚಂಗಪ್ಪನ ಮೊದಲ ಹೆಂಡತಿ ಯಮುನಮ್ಮ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅವಳು ಬದುಕಿದ್ದಾಗ ಆ ಮನೆಯಲ್ಲಿ ಯಾರೂ ಅವಳನ್ನು ಹೊಗಳಿದ್ದು ನಾನು ಕೇಳಿಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅತ್ತೆ ಮಾಳಮ್ಮ ಅವಳನ್ನು ಬಯ್ಯುತ್ತಿದ್ದ ಒಂದೊಂದು ಮಾತೂ ನನ್ನ ಒಲೆಯ ಮುಂದೆ ಕೂತರೆ ಕೇಳುತ್ತಿತ್ತು. ಸತ್ತ ಮೇಲೆ ನೋಡಿ, ಅವಳಂಥ ಸೊಸೆ ಶಿಕಾರಿಪುರದಲ್ಲೇ ಇರಲಿಲ್ಲ ಎಂದಾಯಿತು. ಸತ್ತ ಎಮ್ಮೆಗೆ ಹಾಲು ಹೆಚ್ಚು. ಅದರಲ್ಲೂ ಅವಳ ಜಡೆಯ ಮಾತು ಬಂದರೆ ಮುಗಿಯುವಂತೆಯೇ ಇರಲಿಲ್ಲ. ಜಡೆಯ ಮಾತು ಮಾತ್ರ ಸುಳ್ಳಲ್ಲ. ಅವಳು ಮಣೆಯ ಮೇಲೆ ಕೂತರೆ ಅದರ ತುದಿ ನೆಲಕ್ಕೆ ತಾಗುತ್ತಿತ್ತು, ಕಾಡಿಗೆಯಷ್ಟು ಕಪ್ಪಗಿತ್ತು.

ವರ್ಷ ತುಂಬುವ ಮೊದಲೇ ಬೇರೆ ಹೆಣ್ಣು ನೋಡಿದರು. ಮೈಸೂರು ರಾಜ್ಯ ದೊಡ್ಡದಾಯಿತೆಂದು ಶಾಲೆಯ ಮಕ್ಕಳಿಗೆ ಪೆಪ್ಪರಮಿಂಟು ಹಂಚಿದರಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಹುಲಿಗೆಮ್ಮ ಸೊಸೆಯಾಗಿ ಬಂದಳು. ನನ್ನ ತವರೂ ಅದೇ ಊರು. ಹುಲಿಗೆಮ್ಮ ಅಪ್ಪ ಅವ್ವ ಇಲ್ಲದೆ ಅಣ್ಣ ಮಾಸ್ತಪ್ಪನ ಮನೆಯಲ್ಲಿ ಬೆಳೆದ ಹುಡುಗಿ. ಕೊಯ್ಲಿನ ಕಾಲಕ್ಕೆ ದೊಡ್ಡವರ ಮನೆಯ ಅಂಗಳದಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು. ಎತ್ತರದ ಆಳು, ಗಟ್ಟಿ ಕೈ, ಯಾರು ಏನೆಂದರೂ ಮೊದಲು ನಗುವ ಸ್ವಭಾವ. ಕೂದಲು ಹುಟ್ಟಿನಿಂದಲೂ ಕೆಂಚು. ಉದ್ದವಿತ್ತು, ದಪ್ಪವೂ ಇತ್ತು, ಆದರೆ ಬಿಸಿಲಿಗೆ ಬಂದರೆ ತಾಮ್ರದ ತಂತಿಯಂತೆ ಹೊಳೆಯುತ್ತಿತ್ತು. ಹೊಸಿಲು ದಾಟಿಸುವಾಗಲೇ ಮಾಳಮ್ಮನ ಕಣ್ಣು ಅದರ ಮೇಲೆ ಬಿತ್ತು. ಅಂದಿನಿಂದ ಆ ಮನೆಯಲ್ಲಿ ಅವಳನ್ನು ಹುಲಿಗೆಮ್ಮ ಎಂದು ಯಾರೂ ಕರೆಯಲಿಲ್ಲ, ಕೆಂಚಿ ಎಂದೇ ಕರೆದರು.

ಎರಡನೆಯ ಸಂಬಂಧಕ್ಕೆ ಬಂದವಳಿಗೆ ನಮ್ಮ ಕಡೆ ಕೆಲವು ಕಟ್ಟಳೆಗಳಿವೆ. ತಾಳಿಯ ಪಕ್ಕದಲ್ಲಿ ಸತ್ತವಳ ಮುಖ ಮೂಡಿಸಿದ ಸಣ್ಣ ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳಬೇಕು. ದೀಪಾವಳಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಸತ್ತವಳ ಹೆಸರಿನಲ್ಲಿ ಹೊಸ ಸೀರೆ, ಬಳೆ, ಬಾಚಣಿಗೆ, ಹೂವು ಇಡುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನೆಲ್ಲ ಬದುಕಿರುವ ಹೆಂಡತಿ ಉಟ್ಟು ತೊಟ್ಟುಕೊಳ್ಳಬೇಕು. ಹಾಗೆ ಮಾಡಿದರೆ ಹೋದವಳ ಮನಸ್ಸು ತಣ್ಣಗಿರುತ್ತದೆ, ಇರುವವಳಿಗೆ ಕಾಟ ಕೊಡುವುದಿಲ್ಲ. ಹುಲಿಗೆಮ್ಮ ಇದಕ್ಕೆಲ್ಲ ಬೇಜಾರು ಮಾಡಿಕೊಂಡವಳಲ್ಲ. ಅವಳ ಸೀರೆ ಉಟ್ಟಳು, ಅವಳ ಬಳೆ ತೊಟ್ಟಳು, ಅವಳ ಮುಖವನ್ನು ಎದೆಯ ಮೇಲೆ ಇಟ್ಟುಕೊಂಡೇ ಅವಳ ಗಂಡನಿಗೆ ರೊಟ್ಟಿ ತಟ್ಟಿದಳು. ಗಂಡ ಮಾತ್ರ ತಲೆಯೆತ್ತಿ ನೋಡಲಿಲ್ಲ. ಉಂಡು ಗಿರಣಿಗೆ ಹೋಗಿ ಅಲ್ಲಿಯೇ ಚೀಲಗಳ ಮೇಲೆ ಮಲಗುತ್ತಿದ್ದ.

ಅವನ ತಲೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಹಣೆಯಿಂದ ನಡುನೆತ್ತಿಯವರೆಗೆ ನುಣ್ಣಗಾಗಿತ್ತು. ಸುತ್ತ ಉಳಿದದ್ದು ಹಿಟ್ಟಿನ ಪುಡಿ ಹಿಡಿದು ಬೆಳ್ಳಗಿತ್ತು. ಅದರ ಮೇಲೊಂದು ರುಮಾಲು ಸುತ್ತಿದನೆಂದರೆ ಗಿರಣಿ ಯಜಮಾನ. ಅವನ ತಲೆಯ ಬಗ್ಗೆ ಅವನ ಅವ್ವನಾಗಲಿ ಊರಾಗಲಿ ಒಂದು ದಿನವೂ ಮಾತಾಡಲಿಲ್ಲ.

ಮದುವೆಯಾದ ಮಳೆಗಾಲದಲ್ಲೇ ಹುಲಿಗೆಮ್ಮನಿಗೆ ಆ ಬಿಡದ ಜ್ವರ ಬಂತು, ಈಗ ಟೈಫಾಯ್ಡ್ ಎನ್ನುತ್ತಾರಲ್ಲ, ಅದು. ಎದ್ದು ಕೂತಾಗ ಮೂಳೆ ಚಕ್ಕಳವಾಗಿದ್ದಳು. ಗಂಜಿ ಕುಡಿದು ಮೈ ಸ್ವಲ್ಪ ತುಂಬಿಕೊಂಡಿತು, ಆದರೆ ಕೂದಲು ಉದುರಲು ಶುರುವಾಯಿತು. ಬಾಚಿದರೆ ಹಿಡಿಗಟ್ಟಲೆ ಬರುತ್ತಿತ್ತು. ಕಿವಿಯ ಮೇಲೆ, ನೆತ್ತಿಯಲ್ಲಿ ಅಲ್ಲಲ್ಲಿ ಬೋಳು ಕಾಣಿಸಿತು. ಹಬ್ಬಕ್ಕೆ ಮಾಳಮ್ಮ ಬೀದಿಯ ಹೆಂಗಸರಿಗೆಲ್ಲ ಮಲ್ಲಿಗೆ ಕೊಟ್ಟು, ಸೊಸೆಯ ಮುಂದೆ ಬಂದಾಗ ಬುಟ್ಟಿಯನ್ನು ಹಿಂದಕ್ಕೆ ಸರಿಸಿ, ನಿನಗೆ ಎಲ್ಲಿ ಸಿಕ್ಕಿಸೋಣವೇ ಎಂದು ಕೇಳಿದಳು. ಕೆಲವರು ನಕ್ಕರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆ ಆ ಮನೆಯಲ್ಲಿ ತಿರುವುಮುರುವಾಗಿತ್ತು. ಹಿಟ್ಟು ಬೇಕಾದಷ್ಟಿತ್ತು.

ಅದೇ ವಾರ ಮಾಳಮ್ಮ ತಾಳಗುಂದದಲ್ಲಿ ಒಂದು ಹೆಣ್ಣಿದೆಯೆಂದು ಬಾವಿಕಟ್ಟೆಯಲ್ಲಿ ಹೇಳಿದಳು. ಒಳ್ಳೆಯ ಕಪ್ಪು ಕೂದಲಂತೆ. ಬೋಳಿಯ ಕೈಯ ಊಟ ಮಗನ ಆಯುಸ್ಸಿಗೆ ಒಳ್ಳೆಯದಲ್ಲವಂತೆ. ಇದನ್ನು ಸೊಸೆ ಬಿಂದಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದಾಗಲೇ ಹೇಳಿದಳು. ಹುಲಿಗೆಮ್ಮನಿಗೆ ಹೋಗಲು ಇದ್ದದ್ದು ಅಣ್ಣನ ಮನೆ ಒಂದೇ. ಅಲ್ಲಿ ಅತ್ತಿಗೆ ಅವಳನ್ನು ಕಳಿಸಿದ ದಿನ ಕೈ ತೊಳೆದುಕೊಂಡಿದ್ದಳು.

ನಮ್ಮಲ್ಲಿ ಉದುರಿದ ಕೂದಲನ್ನು ಹೊರಗೆ ಎಸೆಯುವುದಿಲ್ಲ. ಕಾಗೆ ಕಚ್ಚಿಕೊಂಡು ಹೋಗಿ ಗೂಡಿಗಿಟ್ಟರೆ ತಲೆನೋವು, ಯಾರಾದರೂ ಎತ್ತಿಕೊಂಡರೆ ಮಾಟದ ಭಯ. ಉಂಡೆ ಸುತ್ತಿ ಗೋಡೆಯ ತೂತಿಗೆ ತುರುಕುತ್ತಾರೆ. ಹುಲಿಗೆಮ್ಮ ಒಂದು ಬೆಳಿಗ್ಗೆ ತನ್ನ ಉಂಡೆಯನ್ನು ಬಚ್ಚಲ ಗೋಡೆಯ ತೂತಿಗೆ ತುರುಕಲು ಹೋದರೆ ಅದು ಒಳಗೆ ಹೋಗಲಿಲ್ಲ. ಬೆರಳು ಹಾಕಿ ಎಳೆದಳು. ಉಂಡೆಯ ಹಿಂದೆ ಉಂಡೆ ಬಂತು, ಎಲ್ಲವೂ ಕಪ್ಪು, ಬಿಡಿಸಿದರೆ ಮಾರುದ್ದ. ಯಮುನಮ್ಮ ಬದುಕಿದ್ದಷ್ಟು ದಿನ ಬಾಚಿ ಸುತ್ತಿ ಇಟ್ಟದ್ದು. ಹುಲಿಗೆಮ್ಮ ಅದನ್ನು ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ಬಚ್ಚಲಲ್ಲೇ ಕೂತಿದ್ದಳಂತೆ. ಸೀರೆ ಅವಳದು, ಬಳೆ ಅವಳದು, ಇದೊಂದನ್ನು ಕಟ್ಟಿಕೊಂಡರೆ ತಪ್ಪೇನು ಎಂದು ಅನ್ನಿಸಿತಂತೆ. ಆಮೇಲೆ ಅವಳೇ ನನಗೆ ಹೇಳಿದ್ದು ಇದು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಯೋಚಿಸುತ್ತಿದ್ದರು.

ಸಂತೆಯಲ್ಲಿ ಜಡೆಗೆ ಸೇರಿಸುವ ಚೌರಿ ಹೆಣೆಯುವ ಹೆಂಗಸೊಬ್ಬಳು ಕೂರುತ್ತಿದ್ದಳು. ಹುಲಿಗೆಮ್ಮ ಕರಿ ಉಂಡೆಗಳನ್ನೂ ತನ್ನ ಕೆಂಚು ಉಂಡೆಗಳನ್ನೂ ಅವಳ ಮುಂದೆ ಇಟ್ಟಳು. ಆ ಹೆಂಗಸು ನೋಡಿ, ಕರಿಯದಷ್ಟರಿಂದಲೇ ಹೆಣೆದರೆ ಜಡೆ ತೆಳ್ಳಗಾಗುತ್ತದೆ, ಕೆಂಚು ಸೇರಿಸಿದರೆ ಹಾವಿನ ಪಟ್ಟೆಯಂತೆ ಕಾಣುತ್ತದೆ, ತಲೆಯ ಮೇಲಿರುವುದೂ ಕೆಂಚೇ ಅಲ್ಲವೇ, ಮೊದಲು ಅದನ್ನೆಲ್ಲ ಕಪ್ಪು ಮಾಡಿಕೊಂಡು ಬಾ ಎಂದು ಕಳಿಸಿದಳು.

ಕಪ್ಪು ಮಾಡುವುದು ಹೇಗೆ ಎಂದು ಹುಲಿಗೆಮ್ಮ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಸಿ ಅಡಿಕೆ ಬೇಯಿಸಿದ ನೀರನ್ನು ಮತ್ತೆ ಮತ್ತೆ ಕುದಿಸಿ ಇಂಗಿಸಿದರೆ ಚೊಗರು ಆಗುತ್ತದೆ. ಬೆಂದ ಅಡಿಕೆಗೆ ಬಣ್ಣ ಕೊಡುವುದು ಅದೇ. ಕೈಗೆ ತಾಗಿದರೆ ಆ ಸುಗ್ಗಿ ಮುಗಿದರೂ ಕಲೆ ಬಿಡುವುದಿಲ್ಲ. ಕಬ್ಬಿಣ ಮುಟ್ಟಿದರೆ ಇನ್ನೂ ಕರ್ರಗಾಗುತ್ತದೆ. ಕೈ ಬಿಡದ್ದು ಕೂದಲು ಬಿಟ್ಟೀತೇ ಎಂದುಕೊಂಡಳು. ಕೊಯ್ಲಿನ ಕಾಲಕ್ಕೆ ತವರಿಗೆ ಹೋದವಳು ಒಂದು ಗಡಿಗೆ ಚೊಗರು ತಂದಳು. ಅಳಲೆಕಾಯಿ ಜಜ್ಜಿ ಹಾಕಿ, ತುಕ್ಕು ಹಿಡಿದ ಮೊಳೆಗಳನ್ನು ಹಾಕಿ, ಕಬ್ಬಿಣದ ಬಾಣಲೆಯಲ್ಲಿ ಕುದಿಸಿದಳು. ಮೊದಲ ಸಲ ಕೂದಲು ತೆಂಗಿನ ನಾರಿನಂತಾಯಿತು, ಬಿಸಿಲಿಗೆ ಹಿಡಿದರೆ ಕೆಂಪು ಕಾಣುತ್ತಿತ್ತು. ಅವಳು ಬಿಡುವವಳಲ್ಲ. ಗರುಗದ ಸೊಪ್ಪಿನ ರಸ ಬೆರೆಸಿ, ಅಳತೆ ಬದಲಿಸಿ, ಮತ್ತೆ ಮತ್ತೆ ಅದ್ದಿ, ಯಮುನಮ್ಮನ ಒಂದು ಎಳೆಯನ್ನೂ ತನ್ನ ಒಂದು ಎಳೆಯನ್ನೂ ಜೋಡಿಸಿ ಹಿಡಿದು ಬಿಸಿಲಲ್ಲಿ ನೋಡುತ್ತಿದ್ದಳು. ಎರಡರಲ್ಲಿ ಯಾವುದು ಯಾರದೆಂದು ತನಗೇ ತಿಳಿಯದಂತಾದ ಮೇಲೆ ನಿಲ್ಲಿಸಿದಳು. ಆ ದಿನ ಅವಳಿಗೆ ಬಹಳ ಸಂತೋಷವಾಗಿತ್ತು.

ಚೌರಿ ಬಂತು. ತಲೆಯ ಮೇಲೆ ಉಳಿದದ್ದನ್ನು ಕಪ್ಪು ಮಾಡಿ, ಬೋಳಾದ ಕಡೆ ಹರಳೆಣ್ಣೆಯಲ್ಲಿ ಕಲಸಿದ ದೀಪದ ಮಸಿ ತೀಡಿ, ಚೌರಿ ಸೇರಿಸಿ ಹೆಣೆದು, ಸೆರಗು ಹೊದ್ದು ಒಲೆಯ ಮುಂದೆ ಕೂತಳು. ಉಚ್ಚಂಗಪ್ಪ ಊಟಕ್ಕೆ ಬಂದ. ಬೆನ್ನಿನ ಮೇಲೆ ಇಳಿದಿದ್ದ ಜಡೆಯನ್ನು ನೋಡಿ ಬಾಗಿಲಲ್ಲೇ ನಿಂತ. ಯಮುನಾ ಎಂದು ಕರೆದ, ಗಟ್ಟಿಯಾಗಿ ಏನಲ್ಲ. ಹುಲಿಗೆಮ್ಮ ತಿರುಗಲಿಲ್ಲ. ಆ ಮನೆಗೆ ಬಂದ ಮೇಲೆ ಅವನು ಪ್ರೀತಿಯಿಂದ ಆಡಿದ ಮೊದಲ ಮಾತು ಅದು, ಅದೂ ಬೇರೊಬ್ಬಳ ಹೆಸರು. ಅವಳು ಅದನ್ನೇ ತನ್ನದೆಂದು ತೆಗೆದುಕೊಂಡಳು.

ಅಂದಿನಿಂದ ಅವನು ಗಿರಣಿಯಲ್ಲಿ ಮಲಗುವುದನ್ನು ಬಿಟ್ಟ. ಉಣ್ಣುವಾಗ ಅವಳು ಬೆನ್ನು ತೋರಿಸಿ ಕೂರಬೇಕು. ತಿರುಗಿ ಮುಖ ತೋರಿಸಿ ಏನಾದರೂ ಬೇಕೇ ಎಂದು ಕೇಳಿದರೆ ಅವನ ಮುಖ ಬಾಡುತ್ತಿತ್ತು. ಜಡೆ ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದನಂತೆ, ಮಗು ಅವ್ವನ ಸೆರಗು ಹಿಡಿದಂತೆ. ಅದು ಚೌರಿ ಎಂದು ಅವನಿಗೆ ಗೊತ್ತಿರಲಿಲ್ಲವೇ? ಜ್ವರದಿಂದ ಎದ್ದ ಹೆಂಡತಿಯ ಬೋಳು ತಲೆಯಲ್ಲಿ ಮಾರುದ್ದದ ಕರಿಜಡೆ ಎರಡು ತಿಂಗಳಲ್ಲಿ ಮೊಳೆಯುವುದಿಲ್ಲ ಎನ್ನುವುದು ಗಿರಣಿಯ ಎಂಜಿನ್ನಿಗೂ ಗೊತ್ತು. ಯಾರ ಕೂದಲೆಂಬುದೂ ಅವನ ಕೈಗೆ ಗೊತ್ತಿತ್ತು ಎಂದೇ ನಾನು ನಂಬಿದ್ದೇನೆ. ಸುಖ ಸಿಗುತ್ತಿರುವವರೆಗೆ ಗಂಡಸರು ಕೇಳಲು ಹೋಗುವುದಿಲ್ಲ.

ಚೊಗರು ಸುಮ್ಮನಿರಲಿಲ್ಲ. ಬುಡದಲ್ಲಿ ಕೆಂಚು ಇಣುಕಿದಾಗೆಲ್ಲ ಬಳಿಯಲೇಬೇಕು, ಬಳಿದಾಗೆಲ್ಲ ನೆತ್ತಿ ಉರಿದು ನೀರೊಡೆಯುತ್ತಿತ್ತು, ಉರಿದ ಕಡೆ ಕೂದಲು ಸುಲಿದು ಬರುತ್ತಿತ್ತು. ಬಳಿಯುವುದನ್ನು ಬಿಡೇ, ಇರುವಷ್ಟಾದರೂ ಉಳಿಯಲಿ ಎಂದು ನಾನು ಎಷ್ಟೋ ಸಲ ಹೇಳಿದೆ. ಬಿಟ್ಟರೆ ತಾಳಗುಂದದವಳು ಬರುತ್ತಾಳೆ ಎಂದಳು. ಉದುರಿದ್ದನ್ನು ಅವಳು ಗೋಡೆಗೆ ತುರುಕುತ್ತಿರಲಿಲ್ಲ. ಕೂಡಿಟ್ಟು, ಅದ್ದಿ, ಒಣಗಿಸಿ, ಸಂತೆಯ ಹೆಂಗಸಿನ ಕೈಯಲ್ಲಿ ಚೌರಿಗೆ ಸೇರಿಸುತ್ತಿದ್ದಳು. ತಲೆ ಖಾಲಿಯಾದಷ್ಟೂ ಜಡೆ ದಪ್ಪವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಚೌರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದೇ ಆಗಿತ್ತು, ತಲೆಯ ಮೇಲೆ ಚೌರಿ ಕಟ್ಟಲು ಬೇಕಾದಷ್ಟು ಮಾತ್ರ ಉಳಿದಿತ್ತು.

ದೀಪಾವಳಿಯಲ್ಲಿ ನೀರು ತುಂಬಿದ ಮಾರನೆಯ ಬೆಳಿಗ್ಗೆ ಮನೆಯ ಹಿರಿಯಳು ಎಲ್ಲರ ತಲೆಗೆ ಎಣ್ಣೆ ಒತ್ತುವ ಪದ್ಧತಿ. ಹಿಂದಿನ ವರ್ಷ ಹುಲಿಗೆಮ್ಮ ಮುಟ್ಟಾಗಿದ್ದೇನೆಂದು ಹೊರಗೆ ಕೂತು ತಪ್ಪಿಸಿಕೊಂಡಿದ್ದಳು. ಈ ಸಲ ಮಾಳಮ್ಮ ಅವಳ ದಿನಗಳನ್ನು ಗಮನಿಸಿಟ್ಟಿದ್ದಳು. ನನ್ನನ್ನೂ, ಎದುರು ಮನೆಯ ಲೋಕಮ್ಮನನ್ನೂ ಎಣ್ಣೆ ಶಾಸ್ತ್ರಕ್ಕೆಂದು ಕರೆದಳು. ಯಾಕೆ ಕರೆದಳೆಂದು ಆಗ ಹೊಳೆಯಲಿಲ್ಲ. ಸೊಸೆಯನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ, ಸೆರಗು ಸರಿಸಿ, ಬೊಗಸೆ ತುಂಬ ಬಿಸಿ ಎಣ್ಣೆಯನ್ನು ನೆತ್ತಿಗೆ ಸುರಿದು ಎರಡೂ ಕೈಯಿಂದ ತಿಕ್ಕಿದಳು. ಮಸಿ ಕರಗಿ ಹಣೆಯ ಮೇಲೆ, ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಹರಿಯಿತು. ಮಾಳಮ್ಮ ತನ್ನ ಕರಿ ಅಂಗೈಗಳನ್ನು ನಮಗೆ ತೋರಿಸಿದಳು. ಆಮೇಲೆ ಜಡೆಯನ್ನು ಕೈಗೆ ಸುತ್ತಿಕೊಂಡು ಎಳೆದಳು. ಅದು ಬಂತು, ಜೊತೆಗೆ ಅವಳ ತಲೆಯಲ್ಲಿ ಉಳಿದಿದ್ದ ಕೂದಲೂ ಬಂತು. ಹುಲಿಗೆಮ್ಮ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. ಕೈಗಳೂ ಕಪ್ಪಾದವು.

ಮಾಳಮ್ಮ ಬಚ್ಚಲ ಗೋಡೆಯ ತೂತಿಗೆ ಬೆರಳು ಹಾಕಿದಳು. ಬರಿ ಮಣ್ಣು ಬಂತು.

"ಸತ್ತಾಕಿ ಕೂದ್ಲ ಹೊತ್ಕಂಡು ನನ್ನ ಒಲಿ ಮುಂದೆ ಕೂತೀಯಲ್ಲೇ," ಎಂದಳು. "ಅದ್ಕೇ ನಿನ್ನ ಹೊಟ್ಟ್ಯಾಗೆ ಒಂದೂ ನಿಲ್ಲಲಿಲ್ಲ."

ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಎಂದರೆ ಇದೇ. ಸತ್ತವಳ ಸೀರೆ ಉಟ್ಟರೆ ಪುಣ್ಯ, ಕೂದಲು ಮುಡಿದರೆ ಸೂತಕ. ನಾನು ಬಾಯಿ ಬಿಟ್ಟು ಇಷ್ಟನ್ನು ಹೇಳಿದೆ. ಮಾಳಮ್ಮ ನನ್ನ ಕಡೆ ತಿರುಗಿ, ನಿಮ್ಮೂರಿನ ಹೆಣ್ಣುಗಳೇ ಹೀಗೆ ಎಂದಳು. ಲೋಕಮ್ಮ ಎದ್ದು ಹೋಗಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು.

ಗಿರಣಿಯಿಂದ ಉಚ್ಚಂಗಪ್ಪನನ್ನು ಕರೆಸಿದರು. ಮೈಯೆಲ್ಲ ಹಿಟ್ಟು. ಹೆಂಡತಿ ಬಚ್ಚಲ ಕಲ್ಲಿನ ಮೇಲೆ ಎಣ್ಣೆ ಮಸಿಯಲ್ಲಿ ಕೂತಿದ್ದಳು, ಅವಳನ್ನು ಅವನು ನೋಡಲಿಲ್ಲ. ಅವ್ವನ ಕೈಯಿಂದ ಜಡೆ ಇಸಿದುಕೊಂಡ. ಹಿಟ್ಟಿನ ಕೈ ತಾಗಿ ಜಡೆಗೆ ಬಿಳಿ ಹತ್ತಿತು. ಹೊರಗೆ ಹೋಗಿ ಕೈ ತೊಳೆದು ಬಂದು, ಹೆಗಲ ಮೇಲಿನ ಟವೆಲ್ಲಿನಿಂದ ಅದನ್ನು ಒರೆಸಿದ. ಮಾಳಮ್ಮ ಅದನ್ನು ಒಲೆಗೆ ಹಾಕು ಎಂದಳು.

"ಸುಡೋದು ಬ್ಯಾಡವ್ವ. ಇದು ಇಲ್ಲೇ ಇರ್ಲಿ," ಎಂದ. "ಈಕಿ ಹೋಗ್ಲಿ."

ಹೀಗೆ ಸೂತಕ ಕೂದಲನ್ನು ಬಿಟ್ಟು ಅದನ್ನು ಹೊತ್ತವಳಿಗೆ ಅಂಟಿಕೊಂಡಿತು. ಹಬ್ಬದ ದಿನಗಳಲ್ಲಿ ಅವಳನ್ನು ಜಗಲಿಯ ಮೇಲೆ ಕೂರಿಸಿದರು, ಎಲೆಯನ್ನು ಅಲ್ಲಿಗೇ ತಂದಿಟ್ಟರು. ಹಿರಿಯರಿಗೆ ಎಡೆ ಇಡುವ ದಿನ ಬಾಗಿಲು ತೆರೆದೇ ಇತ್ತು. ಯಮುನಮ್ಮನ ಹೆಸರಿನ ಹೊಸ ಸೀರೆಯ ಮೇಲೆ ಉಚ್ಚಂಗಪ್ಪ ಜಡೆಯನ್ನು ಸುರುಳಿ ಸುತ್ತಿ ಇಟ್ಟ, ಅದಕ್ಕೆ ಹೂ ಮುಡಿಸಿದ. ಹೋಳಿಗೆ, ಅನ್ನ, ಪಲ್ಯ ಎಲ್ಲ ಅದರ ಮುಂದೆ ಬಡಿಸಿ, ಧೂಪ ಹಾಕಿ, ಅಡ್ಡಬಿದ್ದ. ಜಗಲಿಯಿಂದ ಹುಲಿಗೆಮ್ಮ ನೋಡಿದಳು. ಮಲ್ಲಿಗೆ ಸಿಕ್ಕಿಸಿದ ಜಾಗ ತನ್ನ ಕೂದಲು ಹೆಚ್ಚಾಗಿ ಸೇರಿದ ಜಾಗ ಎಂದು ಅವಳಿಗೆ ಗೊತ್ತಿತ್ತು.

ಮಾರನೆಯ ದಿನ ಅಣ್ಣ ಮಾಸ್ತಪ್ಪ ಬಂದ. ಅವನು ತಂಗಿಯ ಪರ ಎರಡು ಮಾತಾಡುತ್ತಾನೆ ಎಂದು ನಾನು ಗೋಡೆಗೆ ಕಿವಿಕೊಟ್ಟಿದ್ದೆ. ಹೋಳಿಗೆ ಹಾಕಿದರು, ಉಂಡ. ಎಲೆ ಅಡಿಕೆ ಕೊಟ್ಟರು, ಹಾಕಿಕೊಂಡ. ನಮ್ಮದೇ ತಪ್ಪಾಯಿತು ಬಿಡ್ರಿ ಎಂದ. ಆಮೇಲೆ ಸೊರಬದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಮಾಳಮ್ಮ ಸೊಸೆಯ ಕೊರಳಿಂದ ಬೆಳ್ಳಿ ಬಿಲ್ಲೆಯನ್ನು ಬಿಚ್ಚಿಕೊಂಡಳು, ಮುಂದೆ ಬರುವವಳಿಗೆ ಬೇಕಲ್ಲ.

ಹುಲಿಗೆಮ್ಮ ಬಟ್ಟೆಗಂಟು ಹಿಡಿದು ಅಂಗಳಕ್ಕೆ ಇಳಿದವಳು ನಿಂತಳು. ಬೀದಿಯವರೆಲ್ಲ ನೋಡುತ್ತಿದ್ದರು. ಮದುವೆಯಾದ ಮೇಲೆ ಅವಳು ಗಂಡನ ಮುಖ ನೋಡಿ ತನಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

"ಜಡೆ ಒಳಗೆ ಅರ್ಧ ನಂದೈತೆ," ಎಂದಳು. "ಬದುಕಿರೋಳ ಕೂದ್ಲಿಗೆ ಎಡೆ ಇಟ್ಟೀರಿ ನೀವು. ನಂದು ನನಗೆ ಕೊಡ್ರಿ."

ಉಚ್ಚಂಗಪ್ಪ ಒಳಗೆ ಹೋದ. ಬಯ್ಯುತ್ತಾನೆ ಎಂದುಕೊಂಡೆವು. ಅವನು ಜಡೆ ತಂದು ಜಗಲಿಯ ಮೇಲೆ ಅವಳ ಮುಂದೆ ಇಟ್ಟ.

"ಯಾವ್ದು ನಿಂದು ಆರಿಸ್ಕಂಡು ಹೋಗು," ಎಂದ. "ಅಕಿದೊಂದು ಎಳಿ ಮುಟ್ಟಬ್ಯಾಡ."

ಹುಲಿಗೆಮ್ಮ ಗಂಟು ಕೆಳಗಿಟ್ಟು ಕೂತಳು. ಜಡೆಯನ್ನು ಬಿಚ್ಚಿ ಮಡಿಲಲ್ಲಿ ಹರಡಿಕೊಂಡಳು. ಒಂದು ಎಳೆ ತೆಗೆದು ಬಿಸಿಲಿಗೆ ಹಿಡಿದಳು, ಕೆಳಗಿಟ್ಟಳು. ಇನ್ನೊಂದು ತೆಗೆದಳು. ಬೆರಳುಗಳ ನಡುವೆ ಹೊಸೆದು ನೋಡಿದಳು, ಉಗುರಿನಿಂದ ಕೆರೆದಳು, ಎಂಜಲು ಹಚ್ಚಿ ಸೆರಗಿನಿಂದ ತಿಕ್ಕಿದಳು. ಅವಳ ಕೈಕೆಲಸ ಅಷ್ಟು ಚೆನ್ನಾಗಿತ್ತು. ಎಲ್ಲಿಯೂ ಒಂದು ಕೆಂಚು ಎಳೆ ಇಣುಕಲಿಲ್ಲ. ಉಚ್ಚಂಗಪ್ಪ ಕಂಬಕ್ಕೆ ಒರಗಿ ಅವಳ ಬೆರಳುಗಳನ್ನೇ ಕಾಯುತ್ತಿದ್ದ. ಬಸ್ಸು ತಪ್ಪುತ್ತದೆ ಎಂದು ಮಾಸ್ತಪ್ಪ ಎರಡು ಸಲ ಹೇಳಿದ. ಅವಳು ಎಲ್ಲವನ್ನೂ ಒಟ್ಟುಗೂಡಿಸಿ, ಸಿಕ್ಕು ಬಿಡಿಸಿ, ಮೊದಲಿಗಿಂತ ಬಿಗಿಯಾಗಿ ಹೆಣೆದು, ಜಗಲಿಯ ಮೇಲಿಟ್ಟು ಎದ್ದಳು. ಅವನು ಅದನ್ನು ಒಳಗೆ ತೆಗೆದುಕೊಂಡು ಹೋದ.

ತಾಳಗುಂದದ ಹುಡುಗಿ ಮುಂದಿನ ಬೇಸಿಗೆಯಲ್ಲಿ ಬಂದಳು. ಅವಳು ಬಂದ ಮೇಲೂ ಉಚ್ಚಂಗಪ್ಪ ಗಿರಣಿಯ ಚೀಲಗಳ ಮೇಲೆಯೇ ಮಲಗುತ್ತಾನೆ. ಜಡೆ ಅವನ ಪೆಟ್ಟಿಗೆಯಲ್ಲಿದೆ. ದೀಪಾವಳಿಯ ದಿನ ಹೊರಗೆ ಬಂದು, ಎಡೆ ತೆಗೆದುಕೊಂಡು, ಮತ್ತೆ ಒಳಗೆ ಹೋಗುತ್ತದೆ.

ಹುಲಿಗೆಮ್ಮ ಕುಪ್ಪಗಡ್ಡೆಯಲ್ಲಿ ಅಣ್ಣನ ಮನೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದಾಳೆ, ಅಡಿಕೆ ಸುಲಿಯಲು ಹೋಗುತ್ತಾಳೆ. ಚೊಗರು ಬಿಟ್ಟ ಮೇಲೆ ತಲೆಯ ಹುಣ್ಣು ಮಾಗಿ ಕೂದಲು ಮೊಳೆತಿದೆ, ಮೊದಲಿನಂತೆಯೇ ಕೆಂಚು. ಹೋದ ದೀಪಾವಳಿಗೆ ನಾನು ತವರಿಗೆ ಹೋದಾಗ ಅವಳು ಹಿರಿಯರ ಹಬ್ಬದ ದಿನ ಬೆಳಗಿನಿಂದ ಏನೂ ತಿಂದಿಲ್ಲವೆಂದು ಅತ್ತಿಗೆ ದೂರು ಹೇಳಿದಳು. ವರ್ಷ ವರ್ಷವೂ ಆ ದಿನ ಹೀಗೆ ಮಾಡುತ್ತಾಳಂತೆ. ನಾನೇ ತಟ್ಟೆ ತೆಗೆದುಕೊಂಡು ಹೋಗಿ, ಊಟ ಮಾಡೇ ಎಂದೆ.

"ಬ್ಯಾಡ ಅಕ್ಕ," ಎಂದಳು. "ನಂಗೆ ಅಲ್ಲಿ ಬಡಿಸಿರ್ತಾರೆ."